ದವಡೆಯ ಸ್ಕ್ಯಾಫೋಲ್ಡ್ ಪರೀಕ್ಷೆಗೆ ಇಲಿಯ ತಲೆಬುರುಡೆ ಯಾಕೆ?

ದವಡೆಯಲ್ಲಿ ಮೂಳೆ ಬೆಳೆಸಲೆಂದು ಸ್ಕ್ಯಾಫೋಲ್ಡ್ (ಹೊಸ ಮೂಳೆ ಬೆಳೆಯಲು ಆಧಾರವಾಗುವ ಚೌಕಟ್ಟು) ತಯಾರಿಸಿದ್ದೀರಿ, ಗೈಡ್ ಮಾತ್ರ ಇಲಿಯ ತಲೆಬುರುಡೆಯಲ್ಲಿ ಪರೀಕ್ಷಿಸಿ ಅನ್ನುತ್ತಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ಎರಡೂ ಕಡೆ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಶುರುವಿಗೆ ತಲೆಬುರುಡೆಯೇ ಸರಿ. ಆದರೆ ಅಲ್ಲಿ ಸಿಕ್ಕ ಫಲಿತಾಂಶವನ್ನು ದವಡೆಗೆ ಅನ್ವಯಿಸಿ ಬರೆಯಬೇಡಿ.

ತಲೆಬುರುಡೆ ಚಪ್ಪಟೆ, ಕೈಗೆ ಸುಲಭವಾಗಿ ಸಿಗುತ್ತದೆ. ಕೆಳಗೆ ಮಿದುಳನ್ನು ಸುತ್ತಿದ ಪೊರೆಯಾದ ಡ್ಯೂರಾ, ಮೇಲೆ ಚರ್ಮ ಇರುವುದರಿಂದ ಇಟ್ಟ ವಸ್ತು ಪ್ಲೇಟು, ಸ್ಕ್ರೂ ಇಲ್ಲದೆಯೇ ನಿಲ್ಲುತ್ತದೆ. ದವಡೆಯ ಬಹುಪಾಲಿನಂತೆ ಇಲ್ಲೂ ಮೂಳೆ ಹುಟ್ಟುವುದು ಮೃದ್ವಸ್ಥಿಯ ಹಂತವಿಲ್ಲದೆ, ಪೊರೆಯಿಂದ ನೇರವಾಗಿ. ಪ್ರಾಣಿಯ ಜೀವಮಾನದಲ್ಲಿ ತಾನಾಗಿಯೇ ಮುಚ್ಚಿಕೊಳ್ಳದ ಅತಿ ಚಿಕ್ಕ ಗಾಯಕ್ಕೆ 'ಕ್ರಿಟಿಕಲ್ ಸೈಜ್ ಡಿಫೆಕ್ಟ್' ಅನ್ನುವ ವ್ಯಾಖ್ಯೆಯನ್ನು 1986ರಲ್ಲಿ ಶ್ಮಿಟ್ಜ್ ಮತ್ತು ಹಾಲಿಂಗರ್ ಕೊಟ್ಟರು. ತಲೆಬುರುಡೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಬಳಸುವ ಅಳತೆ ಮೊಲಕ್ಕೆ 15 ಮಿ.ಮೀ., ಇಲಿಗೆ 8, ಸುಂಡಿಲಿಗೆ 4.

ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಇಲಿಯಲ್ಲಿ 8 ಮಿ.ಮೀ.ನ ಒಂದು ತೂತೋ, ಎಡಬಲಕ್ಕೆ 5 ಮಿ.ಮೀ.ನ ಎರಡೋ ಎಂಬುದರ ಬಗ್ಗೆ. 8ರದ್ದು ನಡುಗೆರೆಯ ಮೇಲೇ ಬೀಳುತ್ತದೆ, ಅದರಡಿ ದೊಡ್ಡ ರಕ್ತನಾಳ ಸ್ಯಾಜಿಟಲ್ ಸೈನಸ್ ಇದೆ. ಅದಕ್ಕೆ ಪೆಟ್ಟಾದರೆ ಪ್ರಾಣಿ ಉಳಿಯುವುದು ಕಷ್ಟ. ಎರಡು ತೂತು ಮಾಡಿದರೆ ಆ ಅಪಾಯ ತಪ್ಪುತ್ತದೆ, ಇಲಿಗಳೂ ಕಡಿಮೆ ಸಾಕು. ಆದರೆ ಮೂಳೆ ಬೆಳೆಯಲು ಪ್ರಚೋದಿಸುವ ಬಿಎಂಪಿ-2ನಂಥ ಪ್ರೋಟೀನ್ ಸೇರಿಸಿದ್ದರೆ ಅದು ಪಕ್ಕದ ತೂತಿಗೂ ಹರಡಬಹುದು, ಆಗ ಹೋಲಿಕೆಗೆಂದು ಬಿಟ್ಟ ನಿಮ್ಮ ಕಂಟ್ರೋಲ್ ತೂತು ಕಂಟ್ರೋಲ್ ಆಗಿ ಉಳಿಯುವುದಿಲ್ಲ. ಬರೀ ಸೆರಾಮಿಕ್ ಅಥವಾ ಪಾಲಿಮರ್ ಆದರೆ ನಾನು 5ರ ಎರಡನ್ನೇ ಆರಿಸುತ್ತೇನೆ. ಏನೂ ತುಂಬದ ಖಾಲಿ ತೂತಿನ ಗುಂಪು ಮಾತ್ರ ಇರಲೇಬೇಕು, 5 ಮಿ.ಮೀ. ನಿಜಕ್ಕೂ ಮುಚ್ಚದೆ ಉಳಿಯಿತೇ ಎಂದು ತೋರಿಸುವುದು ಅದೇ.

ಕೊರೆಯುವಾಗ ಟ್ರೆಫೈನನ್ನು (ದುಂಡಗೆ ಕೊರೆಯುವ ಟೊಳ್ಳು ಡ್ರಿಲ್) ನಿಧಾನವಾಗಿ ತಿರುಗಿಸಿ, ಸಲೈನ್ ಹನಿಯುತ್ತಲೇ ಇರಲಿ. ಬಿಸಿಯಾದರೆ ಅಂಚಿನ ಮೂಳೆಕೋಶಗಳು ಸಾಯುತ್ತವೆ. ಮೂಳೆ ಒಂದು ಮಿ.ಮೀ.ಗಿಂತ ತೆಳು. ವೃತ್ತದೊಳಗೆ ಡ್ಯೂರಾದ ರಕ್ತನಾಳಗಳು ಕೆಂಪಗೆ ಕಾಣತೊಡಗಿದೊಡನೆ ಡ್ರಿಲ್ ನಿಲ್ಲಿಸಿ, ಎಲಿವೇಟರ್ ಎಂಬ ಚಪ್ಪಟೆ ಸಲಕರಣೆಯ ತುದಿಯಿಂದ ಬಿಲ್ಲೆಯನ್ನು ಮೆಲ್ಲಗೆ ಅಲುಗಿಸಿ ಎತ್ತಿ. ಡ್ಯೂರಾ ಹರಿಯಬಾರದು. ಹೊಸ ಮೂಳೆಗೆ ಬೇಕಾದ ಕೋಶಗಳೂ ಸಂಕೇತಗಳೂ ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತವೆ. ಒಂದು ಇಲಿಯಲ್ಲಿ ಡ್ಯೂರಾ ಹರಿದು ಇನ್ನೊಂದರಲ್ಲಿ ಉಳಿದಿದ್ದರೆ ಎರಡನ್ನೂ ಹೋಲಿಸಲಾಗದು. ವಯಸ್ಸಿನ ವಿಷಯವೂ ಹಾಗೆಯೇ. ಮರಿಗಳಲ್ಲಿ ದೊಡ್ಡ ತೂತೂ ಮುಚ್ಚಿಕೊಳ್ಳುತ್ತದೆ, ಮನುಷ್ಯರ ಹಸುಗೂಸುಗಳಲ್ಲೂ ಹೀಗಾಗುತ್ತದೆ. ಬೆಳೆದ ಇಲಿಗಳನ್ನೇ ತೆಗೆದುಕೊಳ್ಳಿ, ಎಲ್ಲವೂ ಒಂದೇ ವಯಸ್ಸಿನವಾಗಿರಲಿ.

ಹಾಗಾದರೆ ದವಡೆಯಲ್ಲಿ ಏನು ಬೇರೆ? ಅಗಿಯುವ ಸ್ನಾಯುಗಳ ಎಳೆತ, ಹಲ್ಲು, ಜೊಲ್ಲು, ಬಾಯಿಯ ಬ್ಯಾಕ್ಟೀರಿಯಾ. ಇವ್ಯಾವುವೂ ತಲೆಬುರುಡೆಯಲ್ಲಿ ಇಲ್ಲ. ಮೇಲಾಗಿ ಇಲಿಯ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಅದರ ಬುಡ ಕೆಳದವಡೆಯೊಳಗೆ ಬಹಳ ದೂರ ಹಿಂದಕ್ಕೆ ಹೋಗಿರುತ್ತದೆ. ಅದಕ್ಕೇ ತೂತನ್ನು ಹಿಂಭಾಗದಲ್ಲಿ ಮೇಲಕ್ಕೇಳುವ ತೆಳುವಾದ ಭಾಗವಾದ ರೇಮಸ್‌ನಲ್ಲಿ ಮಾಡುವುದು. ಅಲ್ಲಿ ಚರ್ಮದ ಕಡೆಯಿಂದ ಕೊಯ್ದು ಹೋಗುವುದರಿಂದ ಸ್ನಾಯುವಿನ ಎಳೆತ ಸಿಗುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಬಾಯಿಯ ವಾತಾವರಣವೇ ಬೇಕಿದ್ದರೆ ದವಡೆಹಲ್ಲು ಕಿತ್ತ ಗುಳಿ ಇದೆ. ಅದು ತಾನಾಗಿಯೇ ವಾಸಿಯಾಗುವುದರಿಂದ 'ನಮ್ಮ ವಸ್ತು ಇಲ್ಲದಿದ್ದರೆ ಮೂಳೆಯೇ ಬರುತ್ತಿರಲಿಲ್ಲ' ಅನ್ನಲಾಗದು, ವಾಸಿಯಾಗುವ ವೇಗವನ್ನಷ್ಟೇ ಹೋಲಿಸಬಹುದು.

ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಅವಧಿಯಲ್ಲಿ ಎರಡನ್ನೂ ಮಾಡಲಾಗದಿದ್ದರೆ ತಲೆಬುರುಡೆಯೊಂದನ್ನೇ ಚೆನ್ನಾಗಿ ಮಾಡಿ: 4 ಮತ್ತು 8 ವಾರಕ್ಕೆ ಮೈಕ್ರೋ ಸಿಟಿ (ಸೂಕ್ಷ್ಮ ಸ್ಕ್ಯಾನ್), ಜೊತೆಗೆ ಹಿಸ್ಟಾಲಜಿ (ಅಂಗಾಂಶದ ತೆಳು ಸೀಳನ್ನು ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು). ಸ್ಕ್ಯಾನಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಸ್ಕ್ಯಾಫೋಲ್ಡೂ ಹೊಸ ಮೂಳೆಯಂತೆಯೇ ಬೆಳ್ಳಗೆ ಕಾಣುತ್ತದೆ, ಸ್ಲೈಡ್ ನೋಡದೆ ನಂಬಬೇಡಿ. ಪ್ರಾಣಿ ನೀತಿ ಸಮಿತಿಗೆ ಕೊಡುವ ಅರ್ಜಿಯಲ್ಲಿ ನೋವುನಿವಾರಕದ ಹೆಸರು, ಪ್ರಮಾಣ, ಎಷ್ಟು ದಿನ ಎಂಬುದನ್ನು ಬರೆಯಿರಿ, ಬರೆದಂತೆ ತಪ್ಪದೆ ಕೊಡಿ. ಮುಂದೆ ದವಡೆಗೆ ಹೋದರೆ ನೆನೆಸಿದ ಮೆತ್ತನೆ ಆಹಾರ ಇಟ್ಟು ದಿನವೂ ತೂಕ ನೋಡಿ. ಅಗಿಯಲು ನೋವಾದ ಇಲಿ ಮೇವು ಬಿಟ್ಟು ಬೇಗ ಸೊರಗುತ್ತದೆ.