ಉಪ್ಪಿನ ಬಟ್ಟಲು

ಶಿರಸಿಯಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಕ್ರೈಸ್ತ ಮಠಗಳ ಕುರಿತ ನಿಮ್ಮ ಲೇಖನ ಓದಿ ಪ್ರತಿ ಸೋಮವಾರ ಮೌನವ್ರತ ಹಿಡಿದೆ. ಬೇಕಾದುದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಮೂರನೆಯ ವಾರಕ್ಕೆ ಮನೆಯಾಕೆಯೂ ಮಾತು ಬಿಟ್ಟಳು. ಇತ್ತ ಸುಮ್ಮನೆ ಕುಳಿತರೆ ತಲೆಯೊಳಗೆ ಸಂತೆ. ಸಂಸಾರಿಗಳಿಗೆ ಇದು ಆಗದ ಕೆಲಸವೇ?’

ಮಾಸ್ತರರೇ, ನಾನು ನಿಮ್ಮ ಮನೆಯವರ ಪಕ್ಷ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ. ನಮ್ಮ ಲೇಖನದ್ದೂ ಅದರಲ್ಲಿ ಪಾಲಿರಬಹುದು. ಮೌನಕ್ಕೆ ಹೆಸರಾದ ಕ್ಯಾಥೊಲಿಕ್ ಪಂಥವೊಂದರ, ಅಂದರೆ ಟ್ರಾಪಿಸ್ಟ್, ಸನ್ಯಾಸಿಗಳು ಮೌನದ ವ್ರತ ತೊಡುವುದಿಲ್ಲ. ಅವರು ಕೊಡುವ ಮಾತು ಬೇರೆ: ಕೊನೆಯವರೆಗೂ ಇದೇ ಮಠದಲ್ಲಿ ನಿಲ್ಲುತ್ತೇನೆ, ಹಿರಿಯರಿಗೆ ವಿಧೇಯನಾಗಿರುತ್ತೇನೆ, ಸನ್ಯಾಸಕ್ಕೆ ತಕ್ಕಂತೆ ಬದುಕನ್ನು ತಿದ್ದಿಕೊಳ್ಳುತ್ತೇನೆ. ಮೌನ ಅಲ್ಲಿ ದಿನಚರಿಯ ಭಾಗ, ಅಷ್ಟೆ. ಅವರು ಪಾಲಿಸುವ, 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿಯ ಮೊದಲ ಪದವೇ ‘ಆಲಿಸು’.

ಅದರ 38ನೆಯ ಅಧ್ಯಾಯ ಊಟದ ಹೊತ್ತಿನದು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಮಾತಿಲ್ಲದೆ ಉಣ್ಣುತ್ತಾರೆ. ಹಿಂದೊಮ್ಮೆ ಅಂಥ ಪಂಕ್ತಿಯಲ್ಲಿ ಕುಳಿತಿದ್ದೆ. ಸಾರು ಸಪ್ಪೆ. ಉಪ್ಪು ಕೇಳಲೋ ಬೇಡವೋ ಎಂದು ನಾನು ಅತ್ತಿತ್ತ ನೋಡುವಷ್ಟರಲ್ಲಿ ಪಕ್ಕದ ಹಿರಿಯ ಸನ್ಯಾಸಿ, ತಲೆ ಎತ್ತದೆ, ಬಟ್ಟಲನ್ನು ಬೆರಳ ತುದಿಯಿಂದ ನನ್ನತ್ತ ಸರಿಸಿದರು. ಆಮೇಲೆ ನಿಯಮಾವಳಿ ತೆರೆದು ನೋಡಿದರೆ ಅಲ್ಲಿಯೂ ಅದೇ: ಯಾರೂ ಏನನ್ನೂ ಕೇಳಬೇಕಾಗದಂತೆ ಒಬ್ಬರಿಗೊಬ್ಬರು ಒದಗಿಸಿಕೊಳ್ಳಬೇಕು. ಪಕ್ಕದವರ ತಟ್ಟೆಯ ಮೇಲೆ ಕಣ್ಣಿಲ್ಲದಿದ್ದರೆ ಆ ಮೌನ ಒಂದು ಊಟದ ಮಟ್ಟಿಗೂ ನಡೆಯದು. ನಿಮ್ಮ ಚೀಟಿ ಇದಕ್ಕೆ ತೀರಾ ತಿರುಗುಮುರುಗು.

ಇನ್ನು ತಲೆಯೊಳಗಿನ ಸಂತೆ. ಸನ್ಯಾಸಿಗಳು ಬರಿದೆ ಕೂರುವುದಿಲ್ಲ. ಬೈಬಲಿನ ಕೀರ್ತನೆಯ ಒಂದು ಸಾಲು ಹಿಡಿದು ಅದನ್ನೇ ಮತ್ತೆ ಮತ್ತೆ ಬಾಯಾಡಿಸುತ್ತಾರೆ. ಲ್ಯಾಟಿನ್ನಿನಲ್ಲಿ ಅದಕ್ಕಿರುವ ಪದದ ಅರ್ಥ, ನಮ್ಮಲ್ಲಿಯಂತೆಯೇ, ಮೆಲುಕು. 12ನೆಯ ಶತಮಾನದ ಕಾರ್ತೂಸಿಯನ್ ಎಂಬ ಇನ್ನೊಂದು ಕ್ರೈಸ್ತ ಪಂಥದ ಸನ್ಯಾಸಿ ಗ್ವಿಗೊ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ನೀವು ನೇರವಾಗಿ ನಾಲ್ಕನೆಯದಕ್ಕೆ ಹಾರಿದಿರಿ. ಕೇರಳದ ವಾಗಮಣ್ ಬಳಿಯ ಕುರಿಶುಮಲ ಎಂಬ ಕ್ರೈಸ್ತ ಆಶ್ರಮದವರು ಹಸು ಸಾಕಿಕೊಂಡು ಬಂದವರು. ಅವರಿಗೆ ಮೆಲುಕನ್ನು ಬಿಡಿಸಿ ಹೇಳಬೇಕಿಲ್ಲ. 1958ರಲ್ಲಿ ಆ ಆಶ್ರಮ ಕಟ್ಟಿದ ಇಬ್ಬರಲ್ಲೊಬ್ಬರಾದ ಇಂಗ್ಲಿಷ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಅದಕ್ಕೂ ಮುಂಚೆ ನೆಲೆಯೂರಲು ನೋಡಿದ್ದು ನಮ್ಮ ಕೆಂಗೇರಿಯಲ್ಲಿ! ಮೈಸೂರು ರಸ್ತೆಯ ಈಗಿನ ಗದ್ದಲ ಕೇಳಿದವರು ನಂಬಲಿಕ್ಕಿಲ್ಲ.

ಮುಂದಿನ ಸೋಮವಾರ ಧಾರಾಳವಾಗಿ ಮಾತನಾಡಿ. ಬೆಳಗ್ಗೆ ಮನೆಯವರು ಕೇಳುವ ಮೊದಲೇ ಒಂದು ಲೋಟ ಕಾಫಿ ಮಾಡಿ ಮುಂದಿಡಿ. ಏನಾಯಿತೆಂದು ನಮಗೆ ಬರೆಯಿರಿ. ಚೀಟಿ ಸಾಲದು, ಪೂರ್ತಿ ಕಾಗದವೇ ಬೇಕು.

— ಸಂಪಾದಕ