ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಹೃದಯಕ್ಕೆ ಬಲ ಬರುತ್ತದೆಯೇ?

ಕೆಲವು ಪ್ರಶ್ನೆಗಳು ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿವೆ. ಅವುಗಳಲ್ಲಿ ಮೊದಲನೆಯದನ್ನು ಕಂಡಾಗಲೆಲ್ಲ ನನಗೆ ಸಿಟ್ಟಿಗಿಂತ ಭಯವೇ ಜಾಸ್ತಿ. ಕೇಳುತ್ತಿರುವವರು ಈಗಾಗಲೇ ಹೃದಯದ ಔಷಧಿ ನಿಲ್ಲಿಸಿಬಿಟ್ಟಿದ್ದಾರೋ ಏನೋ ಎಂದು. ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನನಗೆ 54 ವರ್ಷ. ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್ 35% ಎಂದು ಬಂದಿದೆ. ಹೃದಯ ಬಡಿಯುವುದೇ ಕ್ಯಾಲ್ಸಿಯಂನಿಂದ ಎಂದು ಓದಿದೆ. ದಿನಾ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಂಡರೆ ಹೃದಯ ಗಟ್ಟಿಯಾಗುತ್ತದೆಯೇ?

ಇಲ್ಲ. ನೀವು ಓದಿದ್ದು ಸರಿ, ಅದರಿಂದ ಕಟ್ಟಿಕೊಂಡ ಆಸೆ ತಪ್ಪು.

1880ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪಿನ ದ್ರಾವಣ ಕೊಟ್ಟು ಬಡಿಸುತ್ತಿದ್ದರು. ಅದು ಚೆನ್ನಾಗಿಯೇ ಬಡಿಯುತ್ತಿತ್ತು. ಆಮೇಲೆ ನೋಡಿದರೆ, ದ್ರಾವಣಕ್ಕೆ ಬಳಸಿದ್ದು ಬಟ್ಟಿ ಇಳಿಸಿದ ನೀರಲ್ಲ, ನಲ್ಲಿ ನೀರು. ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದಾಗ ಬಡಿತ ಸೋತು ನಿಂತುಹೋಯಿತು. ವ್ಯತ್ಯಾಸ ಮಾಡಿದ್ದು ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ. 1883ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮಾತ್ರೆ ಮಾರುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಕ್ಯಾಲ್ಸಿಯಂ ಅತಿಯಾದರೆ ಅದೇ ಹೃದಯ ಸಡಿಲವಾಗಲಾರದೆ, ಮುಷ್ಟಿ ಬಿಗಿದ ಹಾಗೆ ನಿಂತುಬಿಡುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

ಹೃದಯದ ಸ್ನಾಯುವಿನ ಜೀವಕೋಶ ವಿಶ್ರಾಂತಿಯಲ್ಲಿದ್ದಾಗ, ಅದರ ಹೊರಗಿರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ವಿದ್ಯುತ್ತಿನ ಅಲೆ ಬಂದಾಗ ಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಒಂದು ಚೂರು ಕ್ಯಾಲ್ಸಿಯಂ ಒಳಗೆ ಬರುತ್ತದೆ. ಆ ಚೂರಿನಿಂದಲೇ ಹೃದಯ ಕುಗ್ಗುವುದಿಲ್ಲ. ಕೋಶದ ಒಳಗೆ ಕ್ಯಾಲ್ಸಿಯಂ ಕೂಡಿಟ್ಟ ಉಗ್ರಾಣವೊಂದಿದೆ. ಹೊರಗಿನಿಂದ ಬಂದ ಚೂರು ಆ ಉಗ್ರಾಣದ ಬೀಗ ತೆಗೆಸುತ್ತದೆ, ಅಷ್ಟೆ. ಅಲ್ಲಿಂದ ಹೊರಬಿದ್ದ ಕ್ಯಾಲ್ಸಿಯಂ ಟ್ರೊಪೊನಿನ್ ಎಂಬ ಪ್ರೋಟೀನನ್ನು ಹಿಡಿದುಕೊಂಡಾಗ ಸ್ನಾಯುವಿನ ಎಳೆಗಳು ಒಂದರೊಳಗೊಂದು ಜಾರುತ್ತವೆ, ಹೃದಯ ಕುಗ್ಗುತ್ತದೆ. ಹೃದಯಾಘಾತದ ಅನುಮಾನ ಬಂದಾಗ ನಾವು ರಕ್ತದಲ್ಲಿ ಹುಡುಕುವುದು ಇದೇ ಟ್ರೊಪೊನಿನ್‌ನ ಜೊತೆಗಾರ ತುಣುಕುಗಳನ್ನು.

ಕುಗ್ಗಿದ್ದು ಅರ್ಧ ಕೆಲಸ. ಮುಂದಿನ ಬಡಿತದೊಳಗೆ ಆ ಕ್ಯಾಲ್ಸಿಯಂ ಎಲ್ಲವನ್ನೂ ತೆರವು ಮಾಡಬೇಕು. ನೂರರಲ್ಲಿ ಸುಮಾರು 70 ಪಾಲನ್ನು ಒಂದು ಪಂಪು ಮತ್ತೆ ಉಗ್ರಾಣಕ್ಕೆ ತುಂಬುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಸೋಡಿಯಂ ಒಳಗೆ ಬಿಟ್ಟುಕೊಂಡು ಅದರ ಬದಲಿಗೆ ಹೊರಗೆ ಹಾಕಲಾಗುತ್ತದೆ. ಪಂಪಿಗೆ ಶಕ್ತಿ ಬೇಕು. ಅಂದರೆ ಹೃದಯ ಸಡಿಲವಾಗುವುದಕ್ಕೂ ದುಡಿಯುತ್ತದೆ. ಇದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ನಡೆಯುತ್ತದೆ. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದರೂ ನನಗೆ ಇದು ಇನ್ನೂ ಬೆರಗೇ.

ಈಗ ನಿಮ್ಮ 35% ವಿಷಯಕ್ಕೆ ಬನ್ನಿ. ಅಂದರೆ ಒಳಗೆ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುತ್ತಿರುವುದು ಅಷ್ಟೇ ಪಾಲು, ಹೃದಯ ಸೋತಿದೆ. ಸೋತ ಹೃದಯದಲ್ಲಿ, ಕ್ಯಾಲ್ಸಿಯಂ ಅನ್ನು ಉಗ್ರಾಣಕ್ಕೆ ತುಂಬುವ ಆ ಪಂಪು ನಿಧಾನವಾಗಿರುತ್ತದೆ. ಉಗ್ರಾಣದ ಬಾಗಿಲು ಸರಿಯಾಗಿ ಮುಚ್ಚದೆ ಸೋರುತ್ತಿರುತ್ತದೆ. ಬೇಕಾದಾಗ ಉಗ್ರಾಣದಲ್ಲಿ ಸಾಕಷ್ಟು ಇರುವುದಿಲ್ಲ, ಬೇಡದಾಗ ಸೋರಿದ್ದು ಬಡಿತದ ಲಯ ಕೆಡಿಸುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆಯೇ ಇಲ್ಲ! ತೊಟ್ಟಿ ಒಡೆದು ಸೋರುತ್ತಿರುವಾಗ ಬಾವಿಗೆ ನೀರು ಸುರಿದು ಏನು ಪ್ರಯೋಜನ?

ಅದೂ ಅಲ್ಲದೆ, ನೀವು ನುಂಗಿದ ಮಾತ್ರೆ ಹೃದಯದ ವಿಳಾಸ ಹುಡುಕಿಕೊಂಡು ಹೋಗುವುದಿಲ್ಲ. ರಕ್ತದ ಕ್ಯಾಲ್ಸಿಯಂ 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ನಡುವೆ ಇರುವಂತೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕಾಯುತ್ತಿರುತ್ತವೆ. ಕಡಿಮೆಯಾದರೆ ಮೂಳೆಯಿಂದ ತೆಗೆಯುತ್ತವೆ. ದೇಹದ 99% ಕ್ಯಾಲ್ಸಿಯಂ ಇರುವುದು ಮೂಳೆ, ಹಲ್ಲುಗಳಲ್ಲೇ. ಜಾಸ್ತಿಯಾದರೆ ಮೂತ್ರದಲ್ಲಿ ಹೊರಹೋಗುತ್ತದೆ. ಬಲವಂತವಾಗಿ ತುಂಬಿದರೆ ಸಿಗುವುದು ಮಲಬದ್ಧತೆ, ಕಿಡ್ನಿ ಕಲ್ಲು. ಇನ್ನೂ ಏರಿದರೆ ಹೃದಯದ ಲಯವೇ ತಪ್ಪಬಹುದು.

‘ಮಾತ್ರೆ ಬೇಡ, ಕೋಶದೊಳಗೇ ಕ್ಯಾಲ್ಸಿಯಂ ಹೆಚ್ಚಿಸುವ ಔಷಧಿ ಕೊಡಿ’ ಎನ್ನುವವರೂ ಇದ್ದಾರೆ. ಅದನ್ನೂ ಮಾಡಿ ನೋಡಿದ್ದಾಗಿದೆ. ಮಿಲ್ರಿನೋನ್ ಎಂಬ ಔಷಧಿ ಹೃದಯದ ಹೊಡೆತವನ್ನು ನಿಜವಾಗಿಯೂ ಜೋರು ಮಾಡುತ್ತದೆ. ಅದನ್ನು ಮಾತ್ರೆಯಾಗಿ ದಿನಾ ಕೊಟ್ಟ ದೊಡ್ಡ ಅಧ್ಯಯನದ ಫಲಿತಾಂಶ 1991ರಲ್ಲಿ ಬಂತು: ಔಷಧಿ ತೆಗೆದುಕೊಂಡವರಲ್ಲಿ ಸಾವು ಜಾಸ್ತಿಯಾಗಿತ್ತು. ದಣಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಅದಕ್ಕೆ ವಿರುದ್ಧವಾಗಿ, ಹೃದಯವನ್ನು ನಿಧಾನ ಮಾಡುವ ಬೀಟಾ ಬ್ಲಾಕರ್‌ಗಳು ಆಯಸ್ಸು ಹೆಚ್ಚಿಸಿದವು. ನಿಮ್ಮ ಚೀಟಿಯಲ್ಲಿ ಅಂಥದ್ದೊಂದು ಇದ್ದೇ ಇರಬೇಕು. ಅದನ್ನು ಬಿಡಬೇಡಿ.

ಒಂದು ಅಪವಾದ ಇದೆ. ರಕ್ತದ ಕ್ಯಾಲ್ಸಿಯಂ ನಿಜವಾಗಿ, ತೀವ್ರವಾಗಿ ಕುಸಿದಿದ್ದರೆ ಹೃದಯ ಸೋಲುತ್ತದೆ, ಕ್ಯಾಲ್ಸಿಯಂ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಪ್ಯಾರಾಥೈರಾಯ್ಡ್ ಹೋದವರಲ್ಲಿ, ವಿಟಮಿನ್ ಡಿ ತೀರಾ ಕಡಿಮೆಯಿರುವ ಎಳೆಮಕ್ಕಳಲ್ಲಿ ಹೀಗಾಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಅಂತರ (ಒಂದು ಬಡಿತದ ವಿದ್ಯುತ್ ಅಲೆ ಶುರುವಾಗಿ ಮುಗಿಯುವ ಸಮಯ) ಉದ್ದವಾಗಿರುತ್ತದೆ, ರಕ್ತ ಪರೀಕ್ಷೆ ಖಚಿತಪಡಿಸುತ್ತದೆ. ಆ ಪರೀಕ್ಷೆಯಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನೂ ನೋಡಿಸಿ. ರಕ್ತದ ಕ್ಯಾಲ್ಸಿಯಂನ ಸುಮಾರು ಅರ್ಧ ಪಾಲು ಹೆಚ್ಚಾಗಿ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ, ಆಲ್ಬುಮಿನ್ ಕಡಿಮೆಯಿದ್ದರೆ ವರದಿ ಸುಮ್ನೆ ಹೆದರಿಸುತ್ತದೆ.

ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಯಾರದೋ ಮಾತು ಕೇಳಿ ಮೂರು ತಿಂಗಳು ಹೃದಯದ ಔಷಧಿ ಬಿಟ್ಟು ಬರೀ ಕ್ಯಾಲ್ಸಿಯಂ ನುಂಗಿದ್ದರು. ತಿರುಗಿ ಬಂದಾಗ ಮಲಗಲಾಗದೆ ಕೂತೇ ಉಸಿರಾಡುತ್ತಿದ್ದರು. ಉಳಿದುಕೊಂಡರು, ಆದರೆ ಮೊದಲಿದ್ದಷ್ಟು ಶಕ್ತಿ ಮರಳಲಿಲ್ಲ.

ಪ್ರಶ್ನೆ: ಬಿಪಿಗೆ ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಕೊಟ್ಟಿದ್ದಾರೆ. ಹಾಲು ಬಿಡಬೇಕೇ?

ಬೇಡ. ಆ ಔಷಧಿ ತಡೆಯುವುದು ಕೋಶದ ಬಾಗಿಲನ್ನು, ನಿಮ್ಮ ಹೊಟ್ಟೆಯನ್ನಲ್ಲ. ಈ ಗುಂಪಿನ ಆಮ್ಲೋಡಿಪಿನ್ ಮುಖ್ಯವಾಗಿ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ವೆರಾಪಮಿಲ್, ಡಿಲ್ಟಿಯಾಜೆಮ್ ಹೃದಯದ ಮೇಲೂ ಕೆಲಸ ಮಾಡುತ್ತವೆ. ಮೇಲೆ ಪ್ರಶ್ನೆ ಕೇಳಿದವರಂತೆ ಪಂಪಿಂಗ್ ಕಡಿಮೆ ಇರುವವರು ಈ ಎರಡನ್ನು ತೆಗೆದುಕೊಳ್ಳಬಾರದು. ಪಕ್ಕದ ಮನೆಯವರ ಮಾತ್ರೆ ಎರವಲು ಪಡೆಯಬೇಡಿ ಎಂದು ನಾನು ಗದರುವುದು ಇದಕ್ಕೇ.

ಪ್ರಶ್ನೆ: ಉಗುರಿನ ಮೇಲೆ ಬಿಳಿ ಚುಕ್ಕೆಗಳಿವೆ. ಹೃದಯಕ್ಕೆ ಕ್ಯಾಲ್ಸಿಯಂ ಸಾಲುತ್ತಿಲ್ಲವೇ?

ಉಗುರಿಗೆ ಸಣ್ಣ ಪೆಟ್ಟು ಬಿದ್ದಿರುತ್ತದೆ, ಅಷ್ಟೆ.

ಪ್ರಶ್ನೆ: ಸಿಟಿ ಸ್ಕ್ಯಾನ್‌ನಲ್ಲಿ ಕ್ಯಾಲ್ಸಿಯಂ ಸ್ಕೋರ್ 320. ಡ್ರಿಪ್ ಹಾಕಿ ಆ ಕ್ಯಾಲ್ಸಿಯಂ ಕರಗಿಸುತ್ತೇವೆ ಎನ್ನುತ್ತಿದ್ದಾರೆ. ಹಾಕಿಸಿಕೊಳ್ಳಲೇ?

ಖಂಡಿತ ಬೇಡ. ಆ ಸ್ಕೋರ್ ಅಳೆಯುವುದು ಹೃದಯದ ರಕ್ತನಾಳಗಳಲ್ಲಿರುವ ಕ್ಯಾಲ್ಸಿಯಂ ಅನ್ನು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿ, ಉರಿಯೂತವಾಗಿ, ಆ ಗಾಯ ಗಟ್ಟಿಯಾದ ಗುರುತು ಆ ಕ್ಯಾಲ್ಸಿಯಂ. ನೀವು ತಿಂದದ್ದು ಹೋಗಿ ಅಲ್ಲಿ ಕೂತಿದ್ದಲ್ಲ. ನಿಮಗೆ ಬೇಕಿರುವುದು ಕೊಲೆಸ್ಟರಾಲ್, ಬಿಪಿ, ಸಕ್ಕರೆ, ಸಿಗರೇಟುಗಳ ಮೇಲೆ ಹಿಡಿತ, ಮತ್ತು ಹೆಚ್ಚಿನವರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಸ್ಟ್ಯಾಟಿನ್ ತೆಗೆದುಕೊಂಡ ಮೇಲೆ ಸ್ಕೋರ್ ಇನ್ನೂ ಏರಬಹುದು, ಕಟ್ಟಿದ ಕೊಬ್ಬು ಗಟ್ಟಿಯಾಗುವುದರಿಂದ. ಹಾಗಾಗಿ ವರ್ಷವರ್ಷ ಸ್ಕ್ಯಾನ್ ಮಾಡಿಸಿಕೊಂಡು ಕೊರಗಬೇಡಿ.

ಆ ಡ್ರಿಪ್‌ನಲ್ಲಿರುವುದು ಸಾಮಾನ್ಯವಾಗಿ ಇಡಿಟಿಎ ಎಂಬ ರಾಸಾಯನಿಕ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಕಚ್ಚಿಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ. 2013ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಸ್ವಲ್ಪ ಲಾಭ ಇರಬಹುದು ಎಂದಿತ್ತು. ಹೃದಯಾಘಾತವಾದ ಸಕ್ಕರೆ ಕಾಯಿಲೆಯವರಲ್ಲಿ ಮತ್ತೆ ಪರೀಕ್ಷಿಸಿದಾಗ, 2024ರಲ್ಲಿ, ಆ ಲಾಭ ಕಾಣಲಿಲ್ಲ. ಅಪಾಯ ಮಾತ್ರ ನಿಜ. 2003ರಿಂದ 2005ರ ನಡುವೆ ಅಮೆರಿಕದಲ್ಲಿ ಇಂಥ ಚಿಕಿತ್ಸೆಯಿಂದ ರಕ್ತದ ಕ್ಯಾಲ್ಸಿಯಂ ಕುಸಿದು, ಹೃದಯ ನಿಂತು ಮೂವರು ಸತ್ತರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. ಇಷ್ಟಾದರೂ ಅಳಲೆಕಾಯಿ ಪಂಡಿತರು ‘ಆಪರೇಷನ್ ಇಲ್ಲದೆ ಬ್ಲಾಕ್ ಕರಗಿಸುತ್ತೇವೆ’ ಎಂದು ಹೆದರಿದವರಿಗೆ ಆಸೆ ಹುಟ್ಟಿಸುತ್ತಾರೆ. ಇದನ್ನು ನಾನು ಕ್ಷಮಿಸಲಾರೆ.

ಪ್ರಶ್ನೆ: ಮೂಳೆ ಸವೆತಕ್ಕೆ ಕ್ಯಾಲ್ಸಿಯಂ ಬರೆದುಕೊಟ್ಟಿದ್ದಾರೆ. ಹೃದಯಾಘಾತ ಆಗುತ್ತದೆಂದು ಕೇಳಿದೆ. ನಿಲ್ಲಿಸಲೇ?

ಅಧ್ಯಯನಗಳು ಎರಡೂ ಕಡೆ ಹೇಳಿವೆ. ಆಹಾರದಿಂದ ಬರುವ ಕ್ಯಾಲ್ಸಿಯಂ ಬಗ್ಗೆ ನನಗೆ ಚಿಂತೆಯಿಲ್ಲ, ಮಾತ್ರೆಯ ವಿಷಯದಲ್ಲಿ ನಾನು ಸ್ವಲ್ಪ ಹಿಂಜರಿಯುವವನು. ವಯಸ್ಕರಿಗೆ ದಿನಕ್ಕೆ ಎಲ್ಲ ಸೇರಿ ಸುಮಾರು 1,000 ಮಿಲಿಗ್ರಾಂ ಬೇಕು. ಆಹಾರದಲ್ಲಿ ಸಿಕ್ಕದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ. ಥೈರಾಯ್ಡ್ ಮಾತ್ರೆಯೂ ಇದ್ದರೆ ಎರಡರ ನಡುವೆ ನಾಲ್ಕು ಗಂಟೆ ಬಿಡಿ. ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರಿಗೆ ಇವತ್ತೇ ಹೇಳಿ. ಅದು ಕೂಡ ಹೃದಯದ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿಸುವ ಔಷಧಿಯೇ.