ಗಿಲಕಿ ಸದ್ದಾಗುವ ಮೊದಲಿನದನ್ನು ಬರೆಯಿರಿ

ಮಾನ್ಯರೇ,

ನಮಸ್ಕಾರ. ಅರಿಜೋನಾದ ಗಿಲಾ ಬೆಂಡ್ ಸಮೀಪದ ಸೌರ ವಿದ್ಯುತ್ ಕಾಮಗಾರಿಯಲ್ಲಿ ಸರ್ವೆ ಎಂಜಿನಿಯರ್ ಆಗಿರುವ ನಿಮಗೆ, ಬಾಲದ ತುದಿಯ ಗಿಲಕಿಯಿಂದ ಸದ್ದು ಮಾಡುವ ವಿಷದ ಹಾವಾದ ರ್ಯಾಟಲ್‌ಸ್ನೇಕ್ ಎದುರಾದ ಪ್ರಸಂಗವನ್ನು ಕುರಿತ ‘ಮರುಭೂಮಿಯ ಮೃತ್ಯುದೂತ’ ಎಂಬ ಪ್ರಬಂಧವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ಅದನ್ನು ನೀವು ಕೈಬಿಡಬಾರದೆಂದು ಕೇಳಿಕೊಳ್ಳುವುದಕ್ಕೂ ನನ್ನಲ್ಲಿ ಬಲವಾದ ಕಾರಣಗಳಿವೆ. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಿಮ್ಮ ಮೂರನೆಯ ಪುಟದಲ್ಲಿ ಒಂದು ಪ್ಯಾರಾ ಇದೆ. ಹೊತ್ತು ಮೂಡುವ ಮೊದಲೇ ಕೆಲಸಕ್ಕೆ ಇಳಿಯುವ ತಂಡದ ಮೇಸ್ತ್ರಿ, ಮೆಕ್ಸಿಕೋದ ಸೊನೋರಾ ಪ್ರಾಂತ್ಯದಿಂದ ಬಂದ ಹಿರಿಯರು, ಹಿಂದಿನ ದಿನ ನೆಲದ ಮೇಲೆ ಬಿಟ್ಟಿದ್ದ ಮರದ ಹಲಗೆಗಳನ್ನು ಯಾರೂ ಬರಿಗೈಯಲ್ಲಿ ಮುಟ್ಟದಂತೆ ತಡೆದು, ಉದ್ದನೆಯ ಕೊಕ್ಕೆಯಿಂದ ಹಲಗೆಯ ಆಚೆಯ ಅಂಚನ್ನು ಎತ್ತಿ ತಮ್ಮ ಕಡೆಗೆ ವಾಲಿಸುತ್ತಾರೆ. ಅಡಿಯಲ್ಲಿ ಹಾವಿದ್ದರೆ ಆ ಹಲಗೆಯೇ ಇಬ್ಬರ ನಡುವೆ ಅಡ್ಡ ನಿಲ್ಲಲಿ ಎಂಬುದು ಅವರ ಲೆಕ್ಕ. ಕೇಬಲ್ ಸುತ್ತಿದ ಉರುಳೆಗಳ ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡುತ್ತಾರೆ. ಯಾರಾದರೂ ಸ್ಪ್ಯಾನಿಷ್‌ನಲ್ಲಿ ‘ವೀಬೊರಾ’ (ವಿಷದ ಹಾವು) ಎಂದು ಕೂಗಿದ ಕೂಡಲೇ ಕಂಬ ಇಳಿಸುವ ಯಂತ್ರ ಸುಮ್ಮನಾಗುತ್ತದೆ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ಮೇಸ್ತ್ರಿ ಒಬ್ಬರೇ ಇಕ್ಕಳ ಮತ್ತು ಮುಚ್ಚಳವಿರುವ ಬಕೆಟ್ ಹಿಡಿದು ನಡೆಯುತ್ತಾರೆ. ಇದು ಆ ಜಾಗದಲ್ಲಿ ನಿಂತು ನೋಡಿದವರು ಮಾತ್ರ ಬರೆಯಬಹುದಾದ ಪ್ಯಾರಾ. ನಿಮ್ಮ ಪ್ರಬಂಧದ ಜೀವ ಇರುವುದು ಇಲ್ಲಿ.

ಮುಂದಿನ ಪುಟಕ್ಕೆ ಬರುವಷ್ಟರಲ್ಲಿ ಮೇಸ್ತ್ರಿ ಕಾಣೆಯಾಗುತ್ತಾರೆ, ಇಕ್ಕಳ ಕಾಣೆಯಾಗುತ್ತದೆ, ಕೊನೆಗೆ ಅರಿಜೋನಾವೇ ಕಾಣೆಯಾಗುತ್ತದೆ. ‘ಯಮನ ಪಾಶದಂತೆ ಹೆಡೆಯೆತ್ತಿ ನಿಂತ ಆ ಕ್ರೂರ ಸರ್ಪ’ ಎಂದು ನೀವು ಬರೆದ ಕ್ಷಣದಲ್ಲಿ ಓದುಗನ ಕಣ್ಣೆದುರು ನಿಲ್ಲುವುದು ನಮ್ಮೂರಿನ ನಾಗರಹಾವು. ರ್ಯಾಟಲ್‌ಸ್ನೇಕ್‌ಗೆ ಹೆಡೆಯಿಲ್ಲ. ಅದು ಮಂಡಲ ಜಾತಿಯ ಹಾವು. ಮೈಯನ್ನು ಸುರುಳಿ ಸುತ್ತಿ, ಕುತ್ತಿಗೆಯನ್ನು ಬಾಗಿಸಿ ಹಿಂದಕ್ಕೆಳೆದುಕೊಂಡು, ಬಾಲವನ್ನು ಸುರುಳಿಯ ನಡುವಿನಿಂದ ನೆಟ್ಟಗೆ ನಿಲ್ಲಿಸುತ್ತದೆ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಅದಕ್ಕೊಂದು ಕುಳಿಯಿದೆ. ಬಿಸಿರಕ್ತದ ಪ್ರಾಣಿಯ ಮೈಶಾಖವನ್ನು ಕತ್ತಲಲ್ಲೂ ಗ್ರಹಿಸುವುದು ಆ ಕುಳಿಯಿಂದಲೇ. ನಿಮ್ಮ ಎದುರಿಗೇ ಇದ್ದ ಹಾವಿನ ಈ ಯಾವ ಅಂಗವೂ ಬರಹದಲ್ಲಿಲ್ಲ. ಭಯಪಟ್ಟಾಗ ನೋಟ ಮಸುಕಾಗುವುದು ಸಹಜ, ಅದನ್ನು ಹಾಗೆಯೇ ಬರೆಯಬಹುದು. ಕಾಣದ ಭಾಗವನ್ನು ಬೇರೊಂದು ಹಾವಿನಿಂದ ತುಂಬಿಸಬಾರದು.

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ನೀವು ಕೊಟ್ಟ ಸಮಯ ಮತ್ತು ಸ್ಥಳ. ಜುಲೈ ತಿಂಗಳ ನಡು ಮಧ್ಯಾಹ್ನ, 46 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಬಯಲಿನ ಜಲ್ಲಿಯ ಮೇಲೆ ಹಾವು ‘ಬಿಸಿಲು ಕಾಯಿಸುತ್ತ ನಿರಾಳವಾಗಿ ಮಲಗಿತ್ತು’ ಎನ್ನುತ್ತೀರಿ. ಹಾವಿಗೆ ತನ್ನ ಮೈಯನ್ನು ತಾನೇ ತಂಪು ಮಾಡಿಕೊಳ್ಳುವ ಬೆವರಿನಂಥ ವ್ಯವಸ್ಥೆಯಿಲ್ಲ; ಗಾಳಿಯೇ ಅಷ್ಟು ಕಾದಿರುವಾಗ ಬಿಸಿಲಿಗೆ ಬಿದ್ದ ಜಲ್ಲಿಯ ಶಾಖ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಅಂಥ ನೆಲದ ಮೇಲೆ ಹಾವು ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ನೀವಿರುವ ಸೊನೋರನ್ ಮರುಭೂಮಿಯ ಕಡುಬೇಸಿಗೆಯಲ್ಲಿ ಈ ಹಾವುಗಳು ಹಗಲನ್ನು ಇಲಿಬಿಲಗಳಲ್ಲಿ, ಬಂಡೆಯ ಸಂದಿಯಲ್ಲಿ, ಪೊದೆಯ ಬುಡದಲ್ಲಿ ಕಳೆದು ಮುಸ್ಸಂಜೆಯಿಂದ ಓಡಾಡುತ್ತವೆ. ಹಗಲಿನಲ್ಲಿ ಬಯಲಿಗೆ ಬರುವುದು ಹೆಚ್ಚಾಗಿ ಮಾರ್ಚ್, ಏಪ್ರಿಲ್ ತಿಂಗಳ ಹಿತವಾದ ಬಿಸಿಲಿನಲ್ಲಿ. ಹಾಗಿದ್ದರೆ ನಿಮಗೆ ಹಾವು ಕಂಡದ್ದು ಬೆಳಗಿನ ಜಾವವೇ, ಅಥವಾ ಮಧ್ಯಾಹ್ನವೇ ಆಗಿದ್ದರೆ ಹಲಗೆಯ ನೆರಳಿನಲ್ಲೇ? ನೆನಪು ಮಾಡಿಕೊಳ್ಳಿ. ನೆರಳಿನಲ್ಲೇ ಆಗಿದ್ದರೆ ಪ್ರಬಂಧದ ಅರ್ಥವೇ ಬದಲಾಗುತ್ತದೆ. ನೀವು ಆ ಹೊತ್ತಿನಲ್ಲಿ ಹುಡುಕಿಕೊಂಡು ಹೋದ ನೆರಳನ್ನೇ ಹಾವೂ ಹುಡುಕಿಕೊಂಡು ಬಂದಿತ್ತು. ಪೊದೆಗಳನ್ನು ಬುಡಸಮೇತ ಕಿತ್ತು ಸಪಾಟಾಗಿಸಿದ ಕಾಮಗಾರಿಯ ನೆಲದಲ್ಲಿ ಉಳಿದಿದ್ದ ನೆರಳೆಂದರೆ ನಿಮ್ಮ ಹಲಗೆ, ಉರುಳೆ ಮತ್ತು ಪ್ಯಾನೆಲ್‌ಗಳದು. ಇಷ್ಟನ್ನು ಹೇಳಿದರೆ ಸಾಕು, ಹಾವು ನಿಮ್ಮನ್ನು ‘ಹೊಂಚು ಹಾಕಿ ಕಾದಿತ್ತು’ ಎಂಬ ವಾಕ್ಯ ತಾನಾಗಿಯೇ ಉದುರಿಹೋಗುತ್ತದೆ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಗಿಲಕಿಯಲ್ಲಿ ಹನ್ನೊಂದು ಗಂಟುಗಳಿದ್ದವು, ಆದ್ದರಿಂದ ಹಾವಿಗೆ ಹನ್ನೊಂದು ವರ್ಷ ಎಂದಿದ್ದೀರಿ. ಪೊರೆ ಬಿಟ್ಟಾಗಲೆಲ್ಲ ಒಂದು ಗಂಟು ಸೇರುತ್ತದೆ, ಪೊರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಿಡುವುದುಂಟು, ತುದಿಯ ಗಂಟುಗಳು ಸವೆದು ಮುರಿದು ಬೀಳುವುದೂ ಉಂಟು. ಆ ಲೆಕ್ಕದಿಂದ ವಯಸ್ಸು ಸಿಗುವುದಿಲ್ಲ. ಗಿಲಕಿಯೊಳಗೆ ಕಾಳಿನಂಥ ವಸ್ತುವೂ ಇಲ್ಲ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಆ ಕೆರಾಟಿನ್‌ನಿಂದಲೇ ಆದ ಟೊಳ್ಳು ಗಂಟುಗಳು ಸಡಿಲವಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ಬಾಲದ ಸ್ನಾಯು ಅವನ್ನು ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ಅಲುಗಿಸಿದಾಗ ಅವು ಪರಸ್ಪರ ಬಡಿದು ಸದ್ದಾಗುತ್ತದೆ. ಹತ್ತಡಿ ದೂರದಿಂದ ಹಾವು ‘ಹಾರಿ ಬಂದಿತು’ ಎಂಬುದೂ ನಿಲ್ಲುವುದಿಲ್ಲ. ನಿಮ್ಮ ಕಡೆ ಅತಿ ಸಾಮಾನ್ಯವಾದ ವೆಸ್ಟರ್ನ್ ಡೈಮಂಡ್‌ಬ್ಯಾಕ್ ಬಹುಮಟ್ಟಿಗೆ ಮೂರು ನಾಲ್ಕು ಅಡಿ ಉದ್ದವಿರುತ್ತದೆ, ಎರಗುವ ದೂರ ಸಾಧಾರಣವಾಗಿ ಮೈಯುದ್ದದ ಅರ್ಧದೊಳಗೇ ಇರುತ್ತದೆ.

ಮೊಟ್ಟೆಗಳ ಪ್ರಸಂಗವನ್ನು ಪೂರ್ತಿ ತೆಗೆಯಿರಿ. ಹಾವು ತನ್ನ ಮೊಟ್ಟೆಗಳನ್ನು ಕಾಪಾಡಲು ನಿಮ್ಮ ಮೇಲೆ ಎರಗಿತು ಎಂದು ಒಂದು ಪುಟದಷ್ಟು ಬರೆದಿದ್ದೀರಿ, ಅದರಲ್ಲಿ ತಾಯ್ತನದ ಬಗ್ಗೆ ಒಳ್ಳೆಯ ಭಾವವೂ ಇದೆ. ಆದರೆ ರ್ಯಾಟಲ್‌ಸ್ನೇಕ್ ಮೊಟ್ಟೆಯಿಡುವುದಿಲ್ಲ, ನಮ್ಮ ಕೊಳಕುಮಂಡಲದಂತೆ ಮರಿ ಹಾಕುತ್ತದೆ. ನಿಜವಾದ ಸಂಗತಿ ನೀವು ಕಟ್ಟಿದ್ದಕ್ಕಿಂತ ಸೊಗಸಾಗಿದೆ: ಮಳೆಗಾಲದ ಆಸುಪಾಸಿನಲ್ಲಿ ಹುಟ್ಟುವ ಮರಿಗಳು ಮೊದಲ ಪೊರೆ ಬಿಡುವವರೆಗೆ, ಅಂದರೆ ಸುಮಾರು ಒಂದೆರಡು ವಾರ, ತಾಯಿ ಅವುಗಳ ಬಳಿಯಲ್ಲೇ ಇರುತ್ತದೆ. ಮರಿಯ ಕಡಿತ ದೊಡ್ಡ ಹಾವಿನದಕ್ಕಿಂತ ಭೀಕರ ಎಂಬ ಮಾತನ್ನೂ ನೀವು ಕೇಳಿದ್ದನ್ನು ಕೇಳಿದಂತೆ ಬರೆದಿದ್ದೀರಿ. ಮರಿಯ ಕಡಿತವೂ ಅಪಾಯವೇ, ಆದರೆ ಹೆಚ್ಚು ವಿಷ ಇಳಿಸಬಲ್ಲದ್ದು ದೊಡ್ಡ ಹಾವು.

ಈಗ ನಾನು ಯಾವ ಕಾರಣಕ್ಕೂ ಬಿಟ್ಟುಕೊಡಲಾರದ ಭಾಗಕ್ಕೆ ಬರುತ್ತೇನೆ. ಯುವ ಕಾರ್ಮಿಕನೊಬ್ಬನ ಕೈಗೆ ಹಾವು ಕಚ್ಚಿತು, ನೀವು ನಿಮ್ಮ ಬೆಲ್ಟ್ ಬಿಚ್ಚಿ ಅವನ ತೋಳಿಗೆ ಬಿಗಿದು, ಬ್ಲೇಡಿನಿಂದ ಗಾಯ ಕೊಯ್ದು, ಬಾಯಿಂದ ವಿಷ ಹೀರಿ ಉಗಿದು ಅವನನ್ನು ಉಳಿಸಿದಿರಿ ಎಂದಿದೆ. ಇದು ನಡೆದದ್ದೇ ಆಗಿದ್ದರೆ, ಆಮೇಲೆ ಆಸ್ಪತ್ರೆಯಲ್ಲಿ ವೈದ್ಯರು ಏನು ಹೇಳಿದರು, ಆ ಹುಡುಗನ ಕೈ ಏನಾಯಿತು ಎಂಬುದನ್ನು ಬರೆಯಲೇಬೇಕು. ಕಥೆಗೆ ಬಿಗಿ ಬರಲೆಂದು ಸೇರಿಸಿದ್ದಾಗಿದ್ದರೆ ತೆಗೆದುಹಾಕಿ. ರ್ಯಾಟಲ್‌ಸ್ನೇಕ್‌ಗಳ ವಿಷ ಬಹುತೇಕ ಅಂಗಾಂಶವನ್ನು ಕೊಳೆಸುವ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುವ ವಿಷ. ಬಿಗಿದು ಕಟ್ಟಿದರೆ ಅದು ಒಂದೇ ಕಡೆ ನಿಂತು ಕೈಯನ್ನು ಇನ್ನಷ್ಟು ಹಾಳುಮಾಡುತ್ತದೆ, ಕೊಯ್ದರೆ ನಿಲ್ಲದ ರಕ್ತಸ್ರಾವಕ್ಕೆ ದಾರಿಯಾಗುತ್ತದೆ, ಹೀರುವುದರಿಂದ ವಿಷ ಹೊರಬರುವುದಿಲ್ಲ, ಮಂಜುಗಡ್ಡೆಯಿಂದಲೂ ಹಾನಿಯೇ. ಊತ ಏರುವ ಮೊದಲು ಉಂಗುರ, ಗಡಿಯಾರ ತೆಗೆಯುವುದು, ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಕೂರಿಸಿ ಅಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡುವುದು, ಆದಷ್ಟು ಬೇಗ ಪ್ರತಿವಿಷವಿರುವ ಆಸ್ಪತ್ರೆ ಸೇರಿಸುವುದು, ಇಷ್ಟೇ ಅಲ್ಲಿ ಮಾಡಬೇಕಾದ ಕೆಲಸ. ಅಮೆರಿಕದಲ್ಲಿ ವರ್ಷಕ್ಕೆ 7,000ದಿಂದ 8,000 ಜನರಿಗೆ ವಿಷದ ಹಾವುಗಳು ಕಚ್ಚುತ್ತವೆ, ಸಾಯುವವರು ಐದರ ಆಸುಪಾಸಿನಲ್ಲಿದ್ದಾರೆ ಎಂಬುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜು. ಸಾವು ಇಷ್ಟು ಕಡಿಮೆಯಾಗಿರುವುದರ ಹಿಂದೆ ಬೇಗ ಸಿಗುವ ಚಿಕಿತ್ಸೆಯಿದೆ, 2000ದಲ್ಲಿ ಅನುಮತಿ ಪಡೆದ, ಕುರಿಯ ರಕ್ತದಿಂದ ತಯಾರಾಗುವ ಕ್ರೋಫ್ಯಾಬ್‌ನಂಥ ಪ್ರತಿವಿಷಗಳಿವೆ. ಬೆಲ್ಟು ಮತ್ತು ಬ್ಲೇಡಿಗೆ ಅದರಲ್ಲಿ ಪಾಲಿಲ್ಲ.

ವಿಷ ಇಳಿಸದ ಕಡಿತದ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಸುಮಾರು ನಾಲ್ಕರಲ್ಲಿ ಒಂದು ಕಡಿತದಲ್ಲಿ ವಿಷ ಇಳಿದಿರುವುದೇ ಇಲ್ಲ. ಬ್ಲೇಡಿನಿಂದ ಬದುಕಿದೆವೆಂದು ಹೇಳಿಕೊಳ್ಳುವ ಕಥೆಗಳು ಹುಟ್ಟುವುದು ಹೆಚ್ಚಾಗಿ ಇಂಥ ಕಡಿತಗಳಿಂದಲೇ ಎಂದು ನನ್ನ ಅಭಿಪ್ರಾಯ. ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಮಕ್ಕಳು, ಅಳಿಯಂದಿರು ಫೀನಿಕ್ಸ್, ಡಲ್ಲಾಸ್, ಆಸ್ಟಿನ್ ಕಡೆ ನೆಲೆಸಿದ್ದಾರೆ. ಬೇಸಿಗೆಗೆ ಮೊಮ್ಮಕ್ಕಳನ್ನು ನೋಡಲು ಹೋದ ತಾಯಿಯೊಬ್ಬರು ಹಿತ್ತಿಲಿನಲ್ಲಿ ಇಂಥ ಘಳಿಗೆಗೆ ಸಿಕ್ಕರೆ, ನಿಮ್ಮ ಪ್ರಬಂಧದಲ್ಲಿ ಓದಿದ್ದೇ ಅವರ ನೆನಪಿಗೆ ಬರಬಹುದು. ಆ ಹೊಣೆಯನ್ನು ನಾನು ಹೊರಲಾರೆ, ನೀವೂ ಹೊರಬೇಡಿ.

ಕೊನೆಯ ಪುಟದಲ್ಲಿ ಸಲಿಕೆಯಿಂದ ಹಾವಿನ ತಲೆ ಕತ್ತರಿಸಿ, ಆ ತಲೆಯನ್ನು ನೀವು ಬೆರಳುಗಳಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೀರಿ. ಕತ್ತರಿಸಿದ ತಲೆ ಕಚ್ಚುತ್ತದೆ. ಹಾವಿನ ನರಗಳು ಸತ್ತ ಕೂಡಲೇ ಸುಮ್ಮನಾಗುವುದಿಲ್ಲ. 2018ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬರು ತಾವೇ ಕತ್ತರಿಸಿದ ರ್ಯಾಟಲ್‌ಸ್ನೇಕ್‌ನ ತಲೆಯನ್ನು ಎತ್ತಲು ಹೋಗಿ ಕಚ್ಚಿಸಿಕೊಂಡು, ಸಾವಿನಂಚಿಗೆ ಹೋಗಿ ಬಂದದ್ದು ಸುದ್ದಿಯಾಗಿತ್ತು. ಆ ಫೋಟೋ ನಮಗೆ ಬೇಡ. ಅಪಾಯಕ್ಕಿಂತಲೂ ನನ್ನನ್ನು ಕಾಡಿದ್ದು ಇನ್ನೊಂದು: ಮೂರನೆಯ ಪುಟದಲ್ಲಿ ಹಾವನ್ನು ಬಕೆಟ್ಟಿಗೆ ಹಾಕಿಕೊಂಡು ಹತ್ತಿರದ ಒಣಹಳ್ಳದ ದಂಡೆಗೆ ಬಿಟ್ಟುಬರುವ ತಂಡ ಕೊನೆಯ ಪುಟದಲ್ಲಿ ಅದನ್ನು ಏಕೆ ಕೊಂದಿತು? ಮೇಸ್ತ್ರಿ ಅಂದು ರಜೆಯಲ್ಲಿದ್ದರೇ? ಗುತ್ತಿಗೆದಾರರ ಅವಸರವೇ? ಹಾವನ್ನು ದೂರ ಒಯ್ಯದೆ ಹತ್ತಿರದಲ್ಲೇ ಬಿಡುವ ಅವರ ಪದ್ಧತಿಯ ಹಿಂದೆ ದೊಡ್ಡ ತಿಳಿವಳಿಕೆಯಿದೆ, ಏಕೆಂದರೆ ತನ್ನ ಬಿಲ, ನೆರಳು, ಬೇಟೆಯ ಜಾಗಗಳ ಗುರುತಿಲ್ಲದ ದೂರದ ನೆಲದಲ್ಲಿ ಬಿಟ್ಟ ಹಾವು ಅಲೆದಲೆದು ಸಾಯುವ ಸಾಧ್ಯತೆ ಹೆಚ್ಚು. ಇದನ್ನು ಬಲ್ಲ ಮನುಷ್ಯನೂ ಆ ಸಲಿಕೆಯೂ ಒಂದೇ ಕಾಮಗಾರಿಯಲ್ಲಿ ಹೇಗೆ ಇದ್ದವು ಎಂಬುದೇ ನಿಮ್ಮ ಪ್ರಬಂಧದ ನಿಜವಾದ ಪ್ರಶ್ನೆ, ಅದನ್ನು ನೀವು ಕೇಳಿಕೊಂಡಿಲ್ಲ.

ಇನ್ನೊಂದು ಅವಕಾಶವನ್ನೂ ಬಿಟ್ಟಿದ್ದೀರಿ. ಅಮೆರಿಕಕ್ಕೆ ಹೋಗುವ ಮೊದಲು ಪಾವಗಡದ ಸೋಲಾರ್ ಪಾರ್ಕಿನಲ್ಲಿ ದುಡಿದಿದ್ದಾಗಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಮ್ಮ ಬಯಲುಸೀಮೆಯ ಕಲ್ಲುನೆಲದಲ್ಲಿ ಗರಗಸ ಮಂಡಲವಿದೆ. ಕೆಣಕಿದರೆ ಅದು ಮೈಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜಿ ಗರಗರ ಸದ್ದು ಮಾಡಿ ಎಚ್ಚರಿಸುತ್ತದೆ. ಎಚ್ಚರಿಕೆಯ ಸದ್ದು ಮಾಡುವ ಎರಡು ಮಂಡಲಗಳ ನಾಡಿನಲ್ಲಿ, ಎರಡು ಬಿಸಿಲಿನ ಬಯಲುಗಳಲ್ಲಿ, ಒಂದೇ ಬಗೆಯ ಪ್ಯಾನೆಲ್‌ಗಳ ಕೆಳಗೆ ಕೆಲಸ ಮಾಡಿದ ಕನ್ನಡಿಗರು ಎಷ್ಟು ಮಂದಿ ಇದ್ದಾರು? ಪಾವಗಡದಲ್ಲಿ ಹುಲ್ಲು ಕೀಳಲು, ಪ್ಯಾನೆಲ್ ತೊಳೆಯಲು ಬರುತ್ತಿದ್ದವರು ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದರು, ಗಿಲಾ ಬೆಂಡ್‌ನಲ್ಲಿ ಏನು ಹಾಕಿಕೊಳ್ಳುತ್ತಾರೆ? ಕಚ್ಚಿದರೆ ಯಾವ ಆಸ್ಪತ್ರೆ ಎಂಬುದನ್ನು ಬೆಳಗಿನ ಸಭೆಯಲ್ಲಿ ಎಲ್ಲಿ ಹೇಳುತ್ತಿದ್ದರು, ಎಲ್ಲಿ ಹೇಳುತ್ತಿರಲಿಲ್ಲ? ಇವನ್ನು ಬರೆಯಬಲ್ಲವರು ನೀವು.

ಎಂಜಿನಿಯರ್ ಆದ ನಿಮಗೆ ಈ ವಿಷಯ ದಕ್ಕದೆಂದು ದಯವಿಟ್ಟು ತಿಳಿಯಬೇಡಿ. ರ್ಯಾಟಲ್‌ಸ್ನೇಕ್‌ಗಳ ಬಗ್ಗೆ 1956ರಲ್ಲಿ ಎರಡು ಬೃಹತ್ ಸಂಪುಟಗಳನ್ನು ಕೊಟ್ಟ ಲಾರೆನ್ಸ್ ಕ್ಲಾಬರ್ ವೃತ್ತಿಯಿಂದ ಸ್ಯಾನ್ ಡಿಯೆಗೋದ ವಿದ್ಯುತ್ ಕಂಪನಿಯ ಎಂಜಿನಿಯರ್. ಮರುಭೂಮಿಯ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸುತ್ತ, ಕಂಡ ಹಾವುಗಳನ್ನು ಶ್ರದ್ಧೆಯಿಂದ ದಾಖಲಿಸುತ್ತ ಹೋದವರು ಅವರು. ನಿಮ್ಮ ಸರ್ವೆ ಪುಸ್ತಕದಲ್ಲಿ ದಿನಾಂಕ, ಹೊತ್ತು, ಜಾಗ ಆಗಲೇ ಇರುತ್ತವೆ. ಅಂದಿನ ಪುಟವನ್ನು ತೆರೆದು ಅಲ್ಲಿಂದ ಹೊಸದಾಗಿ ಆರಂಭಿಸಿ.

ಹಾವು ಬದುಕಿದ್ದಾಗ ತೆಗೆದ ಫೋಟೋ ಇದ್ದರೆ ಅದರ ಬಾಲವನ್ನು ನೋಡಿ. ಗಿಲಕಿ ಶುರುವಾಗುವ ಮೊದಲು ಬಾಲದ ಮೇಲಿರುವ ಕಪ್ಪು, ಬಿಳಿ ಪಟ್ಟೆಗಳು ಹೆಚ್ಚುಕಡಿಮೆ ಒಂದೇ ಅಗಲವಾಗಿದ್ದರೆ ಅದು ಡೈಮಂಡ್‌ಬ್ಯಾಕ್ ಇರಬಹುದು, ಬಿಳಿ ಪಟ್ಟೆ ಕಪ್ಪಿಗಿಂತ ಎದ್ದು ಕಾಣುವಷ್ಟು ಅಗಲವಾಗಿದ್ದರೆ ನರಗಳನ್ನು ಹಿಡಿಯುವ ವಿಷಕ್ಕೆ ಹೆಸರಾದ ಮೊಜಾವೆ ರ್ಯಾಟಲ್‌ಸ್ನೇಕ್ ಇರಬಹುದು. ಖಚಿತಪಡಿಸಿಕೊಳ್ಳಲು ಬಲ್ಲವರಿಗೆ ತೋರಿಸಿ. ಮೇಸ್ತ್ರಿಯವರನ್ನು ಪ್ರಬಂಧದ ಕೊನೆಯವರೆಗೂ ಉಳಿಸಿಕೊಳ್ಳಿ, ಅವರ ಹೆಸರು ಬಳಸುವುದಾದರೆ ಒಪ್ಪಿಗೆ ಕೇಳಿ, ಅವರ ಬಗ್ಗೆ ಬರೆದ ಭಾಗವನ್ನು ಅವರಿಗೆ ಸ್ಪ್ಯಾನಿಷ್‌ನಲ್ಲಿ ಓದಿ ಹೇಳುವವರನ್ನು ಹುಡುಕಿ. ಪರಿಷ್ಕರಿಸಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ. ಅವಸರವಿಲ್ಲ, ಮುಂದಿನ ಬೇಸಿಗೆಯ ಸಂಚಿಕೆಯಲ್ಲಿ ಅದಕ್ಕಾಗಿ ಪುಟಗಳನ್ನು ಕಾದಿರಿಸುತ್ತೇನೆ.

ಇತಿ,
ಸಂಪಾದಕ